ಪಾಲು ಕೇಳಲು ಹೋದ ಎರಡು ತಿಂಗಳು

ಕೆಲವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವ ಯೋಗ ಇರುತ್ತದೆ. ನನಗಿರುವುದು ಎದುರಿನವರು ತಪ್ಪು ತಿಳಿದುಕೊಳ್ಳುವ ಯೋಗ. ಬಿ.ಕಾಂ. ಎರಡನೇ ವರ್ಷದ ರಜೆಯಲ್ಲಿ ವಿಶಾಖಪಟ್ಟಣದ ಒಂದು ಪ್ರೈವೇಟ್ ಇಕ್ವಿಟಿ ಕಂಪನಿಯಲ್ಲಿ ಎರಡು ತಿಂಗಳು ಇಂಟರ್ನ್ ಆಗಿದ್ದೆ. ಬೇರೆಯವರ ಕಂಪನಿಯಲ್ಲಿ ಪಾಲು ಕೊಂಡು, ಅದನ್ನು ಬೆಳೆಸಿ, ಆಮೇಲೆ ಆ ಪಾಲನ್ನು ಮಾರುವುದು ಅವರ ಕಸುಬು. ನನ್ನ ಯೋಗ ಅಲ್ಲಿಗೂ ಬಂತು. ನಿಜ ಹೇಳಬೇಕೆಂದರೆ ನನಗಿಂತ ಒಂದು ವಾರ ಮೊದಲೇ ಹೋಗಿತ್ತು.

ಅಪ್ಪ ತಿದ್ದಿದ ಅರ್ಜಿ

ನಲವತ್ತು ಕಂಪನಿಗಳಿಗೆ ಮೇಲ್ ಕಳಿಸಿದ್ದೆ. ಒಂದರಿಂದಲೂ ಉತ್ತರವಿಲ್ಲ. ಅಪ್ಪ ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಇಪ್ಪತ್ತೈದು ವರ್ಷ ಗ್ರಾಹಕರಿಗೆ ನೋಟಿಸ್ ಬರೆದು ಕೈ ಪಳಗಿದವರು. ನನ್ನ ಮೇಲ್ ಓದಿ, "ಇದರಲ್ಲಿ ಗಟ್ಟಿತನ ಇಲ್ಲ ಕಣಮ್ಮ" ಅಂದು ತಾವೇ ಕೂತು ತಿದ್ದಿದರು. ತಿದ್ದಿದ ಮೇಲೆ ಅದರ ಕೊನೆಯ ಸಾಲು, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: 'ಈ ಪತ್ರ ತಲುಪಿದ ಏಳು ದಿನಗಳೊಳಗೆ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.'

ಅದನ್ನೇ ನಲವತ್ತೂ ಕಡೆಗೆ ಮತ್ತೆ ಕಳಿಸಿದೆ. ಮರುದಿನವೇ ಒಂದು ಕಂಪನಿಯ ಮುಖ್ಯಸ್ಥರು ಫೋನ್ ಮಾಡಿದರು.

"ನಿಮ್ಮ ಪತ್ರವನ್ನ ನಮ್ಮ ವಕೀಲರಿಗೆ ತೋರಿಸಿದೆವು" ಅಂದರು.

ನಾನು ಕುರ್ಚಿಯಿಂದ ಎದ್ದು ನಿಂತೆ.

"ಅವರು ಎರಡು ಸಲ ಓದಿ, ಇದು ಕೆಲಸದ ಅರ್ಜಿ ಇರಬಹುದು ಅಂದರು. ಹೌದಾ?"

"ಹೌದು ಸರ್."

ಆ ಕಡೆ ದೊಡ್ಡದೊಂದು ಉಸಿರು ಕೇಳಿಸಿತು. "ಹಾಗಾದರೆ ಸೋಮವಾರ ಬಂದುಬಿಡಿ."

ಅಪ್ಪನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಏಳು ದಿನ ಗಡುವು ಕೊಟ್ಟರೆ ಒಂದೇ ದಿನಕ್ಕೆ ಬಂದಿದಾರೆ. ಒಳ್ಳೆ ಪಾರ್ಟಿ" ಅಂದರು.

ಪಕ್ಕದ ಮನೆಯವರ ಚಿಂತೆ

ಅಮ್ಮ ಈ ಸುದ್ದಿಯನ್ನು ಪಕ್ಕದ ಫ್ಲ್ಯಾಟಿನ ಆಂಟಿಗೆ ತನ್ನ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ಆಂಟಿಯ ಮುಖ ಬಾಡಿತು.

"ಪ್ರೈವೇಟಾ?"

"ಹೌದು, ಪ್ರೈವೇಟ್ ಇಕ್ವಿಟಿ."

"ಅಷ್ಟು ಚೆನ್ನಾಗಿ ಓದೋ ಹುಡುಗಿ. ಸ್ವಲ್ಪ ಕಾದಿದ್ದರೆ ಗವರ್ನಮೆಂಟ್ ಇಕ್ವಿಟಿನೇ ಸಿಗ್ತಿತ್ತಲ್ಲಾ."

ಅಮ್ಮ ಮನೆಗೆ ಬಂದು ಸ್ವಲ್ಪ ಹೊತ್ತು ಯೋಚನೆ ಮಾಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಇರಲಿ, ಮುಂದಿನ ವರ್ಷ ಗವರ್ನಮೆಂಟಿಗೂ ಒಂದು ಹಾಕಿಬಿಡು. ಅಪ್ಪನ ಕೈಲೇ ಬರೆಸು" ಅಂದಳು.

ಕಣ್ಣಾಸ್ಪತ್ರೆ

ನನ್ನ ಮೊದಲ ಕೆಲಸ ತಲೆ ಎಣಿಸುವುದು. ನಮ್ಮ ಕಂಪನಿಗೆ ಒಂದು ಕಣ್ಣಾಸ್ಪತ್ರೆಯಲ್ಲಿ ಪಾಲು ಕೊಳ್ಳುವ ಮನಸ್ಸಿತ್ತು. ಅಲ್ಲಿಗೆ ನಿಜವಾಗಿ ದಿನಕ್ಕೆ ಎಷ್ಟು ರೋಗಿಗಳು ಬರುತ್ತಾರೆ ಅಂತ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡು ಬರಬೇಕು. ಬಾಗಿಲ ಎದುರಿನ ಬೆಂಚಿನ ಮೇಲೆ ಕೂತು, ಒಬ್ಬೊಬ್ಬರು ಒಳಗೆ ಹೋದಾಗಲೂ ಪುಸ್ತಕದಲ್ಲಿ ಗೀಟು ಹಾಕತೊಡಗಿದೆ.

ಹನ್ನೊಂದು ಗಂಟೆಗೆ ವಾಚ್‌ಮನ್ ಬಂದು ನಿಂತ. ವಯಸ್ಸಾದ ಮನುಷ್ಯ. "ಏನಮ್ಮಾ, ಬೆಳಗ್ಗೆಯಿಂದ ಇಲ್ಲೇ ಕೂತಿದೀಯ. ಭಯಾನಾ?" ಅಂದ ತೆಲುಗಿನಲ್ಲಿ.

ಗುಟ್ಟು ಹೇಳುವ ಹಾಗಿಲ್ಲ. ತಲೆಯಾಡಿಸಿದೆ.

ಅವನು ಮರುಗಿ, ಒಳಗೆ ಹೋಗಿ ಒಂದು ಟೋಕನ್ ತಂದು, ನನ್ನ ಕೈ ಹಿಡಿದುಕೊಂಡೇ ನರ್ಸ್ ಹತ್ತಿರ ಬಿಟ್ಟ. ನರ್ಸ್ "ಒಂದೇ ನಿಮಿಷ" ಅಂದು ಕಣ್ಣಿಗೆ ಹನಿ ಬಿಟ್ಟಳು. ಆಮೇಲೆ ನಾಲ್ಕು ಗಂಟೆ ಹೊತ್ತು ನನಗೆ ಪ್ರಪಂಚವೇ ಮಂಜು ಮಂಜು. ಯಾರು ಬಂದರೋ ಯಾರು ಹೋದರೋ ದೇವರೇ ಬಲ್ಲ.

ಮರುದಿನ ಆಸ್ಪತ್ರೆಯವರು ಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ವರದಿ ಕೊಟ್ಟೆ. 'ಹನ್ನೊಂದು ಗಂಟೆಯವರೆಗೆ ಎಪ್ಪತ್ತೆರಡು ರೋಗಿಗಳು. ಎಪ್ಪತ್ತಮೂರನೆಯವಳು ನಾನು. ಆಸ್ಪತ್ರೆ ಚೆನ್ನಾಗಿದೆ.'

ಇಪ್ಪತ್ತು ಪರ್ಸೆಂಟ್

ಕೊನೆಯ ವಾರ ನಮ್ಮ ಮ್ಯಾನೇಜರ್ ನನ್ನನ್ನು ವಿಜಯವಾಡಕ್ಕೆ ಕರೆದುಕೊಂಡು ಹೋದರು. ಕೊಂಡಪಲ್ಲಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಡೈರಿ. ಅದರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಾಲು ನಮಗೆ ಬೇಕಿತ್ತು. ಮಾಲೀಕರು ಬಿಳಿ ಪಂಚೆಯ ಹಿರಿಯರು, ತೆಲುಗು ಬಿಟ್ಟರೆ ಬೇರೆ ಮಾತಾಡುವವರಲ್ಲ. ಮ್ಯಾನೇಜರ್ ದಿಲ್ಲಿಯವರು. ತೆಲುಗು ಚೆನ್ನಾಗಿ ಬರುತ್ತೆ ಅಂತ ನಾನು ಹೇಳಿಕೊಂಡಿದ್ದನ್ನು ಪಾಪ ನಂಬಿದ್ದರು. ನನ್ನ ಪದ್ಧತಿ ಸುಲಭದ್ದು. ತೆಲುಗು ಪದ ಗೊತ್ತಿಲ್ಲದ ಕಡೆ ಕನ್ನಡದ್ದನ್ನೇ ಹಾಕಿ ಮುಂದಕ್ಕೆ ಹೋಗುವುದು.

"ಬಂದ ವಿಷಯ ಹೇಳು" ಅಂದರು ಮ್ಯಾನೇಜರ್.

ನಾನು ಕೈಮುಗಿದು, "ಮಾಕು ಪಾಲು ಕಾವಾಲಂಡಿ" ಅಂದೆ. ನಮಗೆ ಪಾಲು ಬೇಕು ಅಂತ.

ಹಿರಿಯರಿಗೆ ತುಂಬಾ ಸಂತೋಷವಾಯಿತು. ಒಳಗೆ ಕೂಗಿ ಹೇಳಿದರು. ಎರಡು ದೊಡ್ಡ ಲೋಟ ಬಿಸಿ ಹಾಲು ಬಂತು.

"ಏನಂತಾರೆ?" ಅಂದರು ಮ್ಯಾನೇಜರ್.

"ಒಪ್ಪೋ ಹಾಗಿದೆ ಸರ್. ಉಪಚಾರ ಮಾಡ್ತಿದಾರೆ."

"ಎಷ್ಟು ಅಂತಲೂ ಹೇಳಿಬಿಡು."

ಹೇಳಿದೆ. "ಇರವೈ ಪರ್ಸೆಂಟ್ ಪಾಲು ಚಾಲಂಡಿ." ಇಪ್ಪತ್ತು ಪರ್ಸೆಂಟ್ ಸಾಕು ಅಂತ.

ಹಿರಿಯರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ಇಪ್ಪತ್ತು ಪರ್ಸೆಂಟ್ ಹಾಲು ಅಂದರೆ ಮಿಕ್ಕ ಎಂಬತ್ತು ನೀರಾ? ಮೂರು ತಲೆಮಾರಿನಿಂದ ಡೈರಿ ನಡೆಸ್ತಿದೀವಮ್ಮಾ. ಅಂಥ ವ್ಯಾಪಾರ ಇಲ್ಲಿಲ್ಲ. ನೀವು ಹೊರಡಬಹುದು."

ಆಗ ಹೊಳೆಯಿತು. ತೆಲುಗಿನಲ್ಲಿ ಪಾಲು ಅಂದರೆ ಹಾಲು. ನಾನು ಕೇಳಬೇಕಾಗಿದ್ದ ಪದ ವಾಟಾ. ಎರಡು ತಿಂಗಳ ಎಲ್ಲರ ಶ್ರಮ ಆ ಲೋಟದಲ್ಲಿ ಮುಳುಗುತ್ತಿತ್ತು. ಬೆವರುತ್ತಾ, "ತಪ್ಪಾಯ್ತು, ನಮ್ಮ ಕನ್ನಡದಲ್ಲಿ ವಾಟಾಗೇ ಪಾಲು ಅನ್ನೋದು" ಅಂತ ಸಿಕ್ಕ ಭಾಷೆಯಲ್ಲೆಲ್ಲಾ ಹೇಳಿದೆ.

ಹಿರಿಯರು ನಿಧಾನಕ್ಕೆ ಕೂತರು. "ವಾಟಾ ವಿಷಯ ಆಮೇಲೆ. ಮೊದಲು ಈ ಹುಡುಗಿ ಲೋಟ ಖಾಲಿ ಮಾಡಲಿ. ಮಾಡಿ, ಇದರಲ್ಲಿ ನೀರಿಲ್ಲ ಅಂತ ಬರೆದುಕೊಡಲಿ."

ಕುಡಿದೆ, ಬರೆದುಕೊಟ್ಟೆ, ಸಹಿ ಹಾಕಿದೆ. ಮಾತುಕತೆ ಮುಂದುವರಿಯಿತು. ಅದೇ ವಾರ ಇಂಟರ್ನ್‌ಶಿಪ್ ಮುಗಿಯಿತು. ಕಾಲೇಜಿನವರು ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದರು. ಡೈರಿಯ ಗೋಡೆ ಮೇಲೆ ಫ್ರೇಮ್ ಹಾಕಿ ತಗುಲಿಹಾಕಿದ್ದಾರೆ ಅಂದೆ.