ಮಂಗಳವಾರವಿಲ್ಲದ ವಾರ

ನಮ್ಮ ಕಾಕಾ ಅವರಿಗೆ ದೇವರ ಮೇಲೆ ಇದ್ದದ್ದು ಒಂದೇ ತಕರಾರು. ಇಷ್ಟು ದೊಡ್ಡ ಜಗತ್ತನ್ನು ಮಾಡಿದವನು ಎಲ್ಲಾದರೂ ಒಂದು ಮೂಲೆಯಲ್ಲಿ ಸಣ್ಣದಾಗಿ ತಾರೀಖು, ವೇಳೆ ಬರೆದು ಸಹಿ ಹಾಕಬಾರದಿತ್ತೆ? "ಮಾಡೋದೇನೋ ಛಲೋ ಮಾಡ್ಯಾನ. ಆದ್ರ ರೆಕಾರ್ಡ್ ಇಟ್ಟಿಲ್ಲ ನೋಡು," ಎಂದು ಪೂಜೆ ಮುಗಿಸಿ ಏಳುವಾಗ ನಿಟ್ಟುಸಿರು ಬಿಡುತ್ತಿದ್ದರು.

ಕಾಕಾ ನನ್ನ ತಂದೆಯ ತಮ್ಮ. ಮುಂಬಯಿಯ ಬೈಕುಲ್ಲಾದ ಒಂದು ಹಳೆಯ ಕಂಪನಿಯಲ್ಲಿ ಆವಕ-ಜಾವಕ ಗುಮಾಸ್ತರು. ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದು ಕಾಗದದ ಮೇಲೆ ತಾರೀಖಿನ ಶಿಕ್ಕಾ ಒತ್ತಿ, ಪಕ್ಕದಲ್ಲಿ ಗಂಟೆ-ನಿಮಿಷ ಬರೆಯುವುದು ಅವರ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ ಕೈ ಮನೆಗೆ ಬಂದ ಮೇಲೆ ಸುಮ್ಮನಿದ್ದೀತೆ? ಸಯನ್ನಿನ ಅವರ ಎರಡು ಕೋಣೆಯ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ 'ಹಾಕಿದ್ದು', 'ತೆರೆದದ್ದು' ಎಂದು ಎರಡು ತಾರೀಖು. ಸಾಬೂನಿನ ಹೊದಿಕೆಯ ಮೇಲೆ ಒಂದು. ಧಾರವಾಡದಿಂದ ಬಂದ ಕಾಗದಗಳ ಮೇಲಂತೂ ಮೂರು: ಬರೆದದ್ದು, ಬಂದದ್ದು, ಓದಿದ್ದು. ಬಂದದ್ದಕ್ಕೂ ಓದಿದ್ದಕ್ಕೂ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚಾಗಿದ್ದರೆ ಪಕ್ಕದಲ್ಲಿ ಕಾರಣ ಬೇರೆ!

ತಮ್ಮ ಮದುವೆಯಲ್ಲೂ ಅಕ್ಷತೆ ಬೀಳುತ್ತಿದ್ದಂತೆ ಕಾಕಾ ಬಾಸಿಂಗ ಸರಿಸಿ ಗಡಿಯಾರ ನೋಡಿ, "ನಾಲ್ಕ ನಿಮಿಷ ತಡಾ ಆತ್ರೀ," ಎಂದು ಭಟ್ಟರಿಗೆ ಹೇಳಿದ್ದರಂತೆ. ಈ ಕಥೆ ಬಂದಾಗಲೆಲ್ಲ ಕಾಕು ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದರು: "ಆ ನಾಲ್ಕ ನಿಮಿಷಾನಽ ನಾ ಆರಾಮಿದ್ದದ್ದು!"

ಬಿಲ್ಡಿಂಗಿನವರಿಗೂ ಇದು ಅಭ್ಯಾಸವಾಗಿತ್ತು. ಎದುರು ಮನೆಯ ಮರಾಠಿ ತಾಯಿ ಒಮ್ಮೆ ಹಿಟ್ಟಿನ ಜರಡಿ ಒಯ್ದಿದ್ದರು. ಮರಳಿ ಕೊಡುವಾಗ ಬಾಗಿಲಲ್ಲೇ ನಿಂತು, "ಘ್ಯಾ ಭಾವೂಜಿ! ಆಠ್ ಚಾಳೀಸ್‌ಲಾ ನೇಲೀ, ಆಠ್ ಪಂಚಾವನ್‌ಲಾ ಪರತ್. ಆತಾ ಶಿಕ್ಕಾ ಮಾರಾ!" ಎಂದು ತಮ್ಮ ಅಂಗೈಯನ್ನೇ ಚಾಚಿದರು. ಎಂಟೂ ನಲವತ್ತಕ್ಕೆ ಒಯ್ದದ್ದು, ಎಂಟೂ ಐವತ್ತೈದಕ್ಕೆ ವಾಪಸು, ಈಗ ಶಿಕ್ಕಾ ಹೊಡೆಯಿರಿ! ನಾವೆಲ್ಲ ನಕ್ಕೆವು. ಕಾಕಾ ಮಾತ್ರ ಗಡಿಯಾರ ನೋಡಿ, "ಐವತ್ತೇಳು," ಎಂದು ತಿದ್ದಿದರು.

ಇಂಥ ಮನೆಗೆ ನಾನು ಗಣಿತದ ಎಂ.ಎಸ್ಸಿ. ಮುಗಿಸಿಕೊಂಡು ಬಂದೆ. ಅಂಧೇರಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಖಾಯಂ. ಅಪ್ಪ ಧಾರವಾಡದ ಸ್ಟೇಷನ್ನಿನಲ್ಲಿ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ಖಾಯಂ ಆದರೆ ಮುಂಬಯಿ, ಆಗದಿದ್ದರೆ ವಾಪಸು ಬಂದು ಅವರು ನೋಡಿದ ವರ. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಸ್ವಭಾವ ನನ್ನದಲ್ಲ.

ಒಂದು ಶನಿವಾರ ಮನೆಯವರಿಗೆ ಯಂತ್ರ ತೋರಿಸಲು ಅನುಮತಿ ಸಿಕ್ಕಿತು. ಕಾಕಾ ಬಂದರು. ಬೇರೆಯವರ ಮನೆಯವರೆಲ್ಲ, ಇದು ಎಷ್ಟು ಬೇಗ ಗುಣಿಸುತ್ತದೆ, ಜಾತಕ ಹಾಕುತ್ತದೆಯೇ ಎಂದೆಲ್ಲ ಕೇಳಿದರು. ಕಾಕಾ ಕೇಳಿದ್ದು ಒಂದೇ: "ಯಾವ ಫೈಲ್ ಯಾವಾಗ ಬಂತು ಅಂತ ಬರದಿಡತದೇನು?"

ನಾನು ಟೆಲಿಟೈಪಿನ ಮುಂದೆ ಕುಳಿತು ಒಂದು ಸಾಲಿನ ಆಜ್ಞೆ ಹೊಡೆದೆ. ಟಕಟಕನೆ ಕಾಗದ ಹೊರಬಂತು: ಫೈಲಿನ ಹೆಸರು, ತಾರೀಖು, ಗಂಟೆ, ನಿಮಿಷ. ಸಾಲಿನ ಮೇಲೆ ಸಾಲು. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಬ್ಬಿಕೊಳ್ಳುವಂತಿದ್ದರೆ ಆ ಯಂತ್ರವನ್ನು ಅಂದೇ ತಬ್ಬಿಕೊಳ್ಳುತ್ತಿದ್ದರು! "ಇಷ್ಟ ದಿವಸ ಎಲ್ಲಿದ್ದ್ಯೋ ಮಾರಾಯಾ," ಎಂದು ಅದಕ್ಕೇ ಹೇಳಿದರು.

ಐದನೆಯ ತಿಂಗಳಲ್ಲಿ ನನ್ನ ಗ್ರಹಚಾರ ಕೆಟ್ಟಿತು. ಒಂದು ಸೇತುವೆಯ ಲೆಕ್ಕ ನಮ್ಮ ಕೇಂದ್ರಕ್ಕೆ ಬಂದಿತ್ತು. ಎಂಜಿನಿಯರುಗಳು ಕೆಲವು ಅಂಕಿಗಳನ್ನು ತಿದ್ದಿ ಕಳಿಸಿದರು. ಮಂಗಳವಾರ ಬೆಳಿಗ್ಗೆ ನಾನು ಆ ತಿದ್ದುಪಡಿಗಳನ್ನು ಹಾಕಿ ಅದೇ ಹೆಸರಿನಲ್ಲಿ ಹೊಸ ಫೈಲು ಮಾಡಿಟ್ಟೆ. ಗುರುವಾರ ನೋಡಿದರೆ ವರದಿ ಹಳೆಯ ಅಂಕಿಗಳಲ್ಲೇ ಹೋಗಿದೆ. ನನ್ನ ಹೊಸ ಫೈಲಂತೂ ಎಲ್ಲಿಯೂ ಇಲ್ಲ! ಸೋಮವಾರ ಮಧ್ಯಾಹ್ನದ ಹಳೆಯ ಫೈಲು ಮಾತ್ರ ಠೀಕಾಗಿ ಕುಳಿತಿದೆ.

ನಮ್ಮ ಕೇಂದ್ರದ ಸಾಹೇಬರು ಕೂಗಾಡುವವರಲ್ಲ. ಮೆಲ್ಲಗೆ ಇಂಗ್ಲಿಷಿನಲ್ಲಿ, ಕೆಲಸ ಮಾಡದಿರುವುದು ತಪ್ಪು, ಮಾಡದೆ ಮಾಡಿದೆ ಎನ್ನುವುದು ಬೇರೆಯೇ ತಪ್ಪು ಎಂದರು. ನಾಳೆ ಸಂಜೆಯೊಳಗೆ ಏನಾದರೂ ತೋರಿಸುವುದಿದ್ದರೆ ತೋರಿಸು, ಇಲ್ಲವಾದರೆ ಖಾಯಂ ಮಾಡುವ ಮಾತು ಬೇಡ ಎಂದರು.

ಊಟದ ಸಮಯದಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಕೇಂದ್ರದ ಹದಿನಾಲ್ಕು ಜನರಿಗೂ ಯಂತ್ರದಲ್ಲಿ ಫೈಲಿಡಲು ತಮ್ಮ ತಮ್ಮ ಖಾನೆಗಳಿದ್ದವು. ಪ್ರತಿಯೊಂದು ಖಾನೆಗೂ ಹೋಗಿ ಫೈಲುಗಳ ತಾರೀಖು, ವೇಳೆ ಮುದ್ರಿಸು ಎಂಬ ಆಜ್ಞೆಗಳನ್ನು ಸಾಲಾಗಿ ಒಂದೇ ಫೈಲಿನಲ್ಲಿ ಬರೆದೆ. ಆಮೇಲೆ, ಇದನ್ನು ನಡೆಸು ಎಂದೆ. ಯಂತ್ರ ಮೇಲಿನಿಂದ ಕೆಳಗಿನವರೆಗೆ ಒಂದೊಂದಾಗಿ ಪಾಲಿಸಿತು. ಕಾಕಾ ಅವರ ಮನೆಯಲ್ಲಿ ಇದ್ದೂ ಇದ್ದೂ ನನಗೂ ಆ ರೋಗ ತಗುಲಿತ್ತೋ ಏನೋ! ನನ್ನ ಫೈಲು ಅಪ್ಪಿತಪ್ಪಿ ಬೇರೆ ಯಾರದೋ ಖಾನೆಯಲ್ಲಿ ಸಿಕ್ಕೀತೆಂಬ ಆಸೆ ನನಗೆ. ಸಿಗಲಿಲ್ಲ. ಮೊಳಗಟ್ಟಲೆ ಕಾಗದ ಸುತ್ತಿಕೊಂಡು ಮನೆಗೆ ಬಂದೆ.

ಕಾಕಾ ಕೈಕಾಲು ತೊಳೆದು ಬಂದು, ನನ್ನ ಮುಖ ನೋಡಿ, ಕಾಗದ ನೋಡಿ, "ತಾ ಇಲ್ಲೆ," ಎಂದರು. ನಾನು ನಡೆದದ್ದನ್ನು ಹೇಳಿದೆ. ಅವರು ನೆಲದ ಮೇಲೆ ಕಾಗದವನ್ನು ಅಡುಗೆಮನೆಯ ಹೊಸ್ತಿಲವರೆಗೆ ಬಿಡಿಸಿ, ಮೊಣಕಾಲೂರಿ, ಬೆರಳಿಟ್ಟು ಓದುತ್ತಾ ಹೋದರು.

"ಅನ್ನದ ಪಾತೇಲಿ ಇಡಲಿಕ್ಕೆ ಜಾಗಾ ಬಿಡ್ರಿ," ಎಂದರು ಕಾಕು.

"ಸುಮ್ನಿರ್ತೀಯಾ? ಒಬ್ಬ ಹುಡಿಗೀದು ಬಾಳೇ ಇದರಾಗ ಅದ."

ಅರ್ಧ ಗಂಟೆಯಾದ ಮೇಲೆ ತಲೆಯೆತ್ತಿದರು. "ಏನವಾ, ಮಂಗಳವಾರ ನಿಮ್ಮ ಆಫೀಸಿಗೆ ಸೂಟಿ ಇತ್ತೇನು?"

"ಇಲ್ರಿ ಕಾಕಾ."

"ಹದಿನಾಕೂ ಮಂದಿ ಬಂದಿದ್ರು?"

"ಬಂದಿದ್ವಿ."

"ಮತ್ತ ಒಬ್ಬರದೂ ಒಂದ ಫೈಲಿನ ಮ್ಯಾಲೂ ಮಂಗಳವಾರದ ತಾರೀಖ ಇಲ್ಲ! ಸೋಮವಾರ ಅದ, ಬುಧವಾರ ಅದ. ಮಂಗಳವಾರ ಎಲ್ಲಿ ಹೋತು?"

ನಾನು ಕಾಗದದ ಮೇಲೆ ಬಾಗಿದೆ. ನಿಜ. ಇಡೀ ಕೇಂದ್ರದಲ್ಲಿ ಮಂಗಳವಾರವೇ ಆಗಿರಲಿಲ್ಲ. ನಾನು ನನ್ನ ಒಂದು ಸಾಲನ್ನು ಹುಡುಕುತ್ತಾ ಇಷ್ಟು ದೊಡ್ಡ ಹಳ್ಳವನ್ನು ನೋಡಿರಲಿಲ್ಲ!

"ಮುಂಜಾನೆ ಶಿಕ್ಕಾದ ತಾರೀಖ ತಿರುವಾವ್ರು ಯಾರು?" ಎಂದರು ಕಾಕಾ. "ನಮ್ಮಲ್ಲೆ ವರ್ಷಕ್ಕ ಒಮ್ಮೆರೆ ಆಗತದ ಇದು. ನಾ ಸೂಟಿ ಮ್ಯಾಲಿದ್ದಾಗ. ತಾರೀಖ ತಿರುವೋದು ಮರೀತಾರ, ದಿವಸಗಟ್ಲೆ ನಿನ್ನಿ ಶಿಕ್ಕಾನಽ ಬೀಳತದ."

ಅಷ್ಟು ಸಾಕಾಯಿತು. ನಮ್ಮ ಯಂತ್ರಕ್ಕೆ ತಾನಾಗಿ ತಾರೀಖು ತಿಳಿಯುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಚಾಲೂ ಮಾಡುವಾಗ ಅದು ಕೇಳುತ್ತದೆ, ಆಪರೇಟರ್ ಹೊಡೆಯುತ್ತಾನೆ. ಮಂಗಳವಾರ ಅವನು ಸೋಮವಾರದ ತಾರೀಖು ಹೊಡೆದಿದ್ದರೆ, ನನ್ನ ಹೊಸ ಫೈಲಿನ ಮೇಲೆ ಬಿದ್ದದ್ದು ಸೋಮವಾರ ಬೆಳಗಿನ ವೇಳೆ. ಸಂಜೆ ಯಂತ್ರ ಕಸ ಗುಡಿಸುತ್ತದೆ: ಒಂದೇ ಹೆಸರಿನ ಎರಡು ಫೈಲುಗಳಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಇಡುತ್ತದೆ. ಸೋಮವಾರ ಬೆಳಗು ಹಳೆಯದು, ಸೋಮವಾರ ಮಧ್ಯಾಹ್ನ ಹೊಸದು. ನನ್ನ ಫೈಲು ಕಸವಾಗಿ ಹೋಗಿತ್ತು.

ಶುಕ್ರವಾರ ಬೆಳಿಗ್ಗೆ ಕಾಕಾ ಎಂದಿನಂತೆ ಬೈಕುಲ್ಲಾದ ಲೋಕಲ್ ಹಿಡಿದರು, ನಾನು ಅಂಧೇರಿಗೆ ಹೋದೆ. ಸಾಹೇಬರು ಕೈಗೆ ಸಿಗುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಮಂಗಳವಾರದ ಟೆಲಿಟೈಪ್ ಸುರುಳಿ, ಯಂತ್ರ ಕೇಳಿದ್ದು, ನಾವು ಹೊಡೆದದ್ದು ಎಲ್ಲ ಅಚ್ಚಾಗುವ ಕಾಗದ, ತರಿಸಿ ಎಂದೆ. ಆಪರೇಟರ್ ತಂದು ಬಿಚ್ಚಿದ. ಯಂತ್ರ ತಾರೀಖು ಕೇಳಿದ ಜಾಗದಲ್ಲಿ ಸೋಮವಾರದ ತಾರೀಖು ಕಪ್ಪಗೆ ಕುಳಿತಿತ್ತು.

"ಯೇ ಕೈಸೇ?" ಎಂದರು ಸಾಹೇಬರು, ಇದು ಹೇಗಾಯಿತೆಂದು.

ಆಪರೇಟರ್ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅವನು ಯಾವಾಗಲೂ ಅದನ್ನು ನೋಡಿಯೇ ಹೊಡೆಯುವುದು. ಹಾಳೆ ಹರಿಯುವುದು ಪ್ಯೂನಿನ ಕೆಲಸ. ಪ್ಯೂನು ಮಂಗಳವಾರ ಅತ್ತೆಯನ್ನು ಊರಿಗೆ ಕಳಿಸಲು ಸ್ಟೇಷನ್ನಿಗೆ ಹೋಗಿದ್ದ. ಬುಧವಾರ ಬಂದು ಎರಡು ಹಾಳೆ ಒಟ್ಟಿಗೆ ಹರಿದ. ಪರದೇಶದಿಂದ ವಿಮಾನದಲ್ಲಿ ಬಂದ ಯಂತ್ರದ ಕಾಲಜ್ಞಾನವೆಲ್ಲ ಒಬ್ಬ ಅತ್ತೆಯ ಪ್ರಯಾಣದ ಮೇಲೆ ನಿಂತಿತ್ತು ನೋಡಿ!

ಸಾಹೇಬರು ಕನ್ನಡಕ ತೆಗೆದು ಕ್ಷಮೆ ಕೇಳಿದರು. ಖಾಯಂ ಪತ್ರ ಸೋಮವಾರ ಟೈಪಾಗುತ್ತದೆ ಎಂದರು. ನಾನು ಥ್ಯಾಂಕ್ಸ್ ಹೇಳಿ, ಮೇಜು ಓರಣ ಮಾಡಿ, ಐದೂವರೆಗೆ ಹೊರಬಂದೆ.

ಗೇಟಿನ ಎದುರು ಬಸ್ ಸ್ಟಾಪಿನ ಗಿಡ್ಡ ಗೋಡೆಯ ಮೇಲೆ ಕಾಕಾ ಕುಳಿತಿದ್ದರು. ಬೈಕುಲ್ಲಾದಲ್ಲಿ ಇರಬೇಕಾದ ಹೊತ್ತು. ನನ್ನನ್ನು ಕಂಡು ಥಟ್ಟನೆ ಎದ್ದು ನಿಂತರು.

"ಯಾವಾಗ ಬಂದ್ರಿ ಕಾಕಾ?"

"ನಾನಾ? ಈಗ," ಎಂದರು. "ಇದಽ ಈಗ ಬಂದೆ."

ಪಕ್ಕದಲ್ಲಿ ಶೇಂಗಾ ಮಾರುವವನು ನಕ್ಕ. "ಕ್ಯಾ ಬಾಬೂಜಿ! ದೋ ಬಜೇ ಸೇ ಬೈಠೇ ಹೋ." ನನ್ನ ಕಡೆ ತಿರುಗಿದ. "ಬೇಟಿ, ಗೇಟ್ ಸೇ ಕೋಯೀ ಭೀ ಲಡ್ಕೀ ನಿಕಲೇ, ಯೇ ಖಡೇ ಹೋ ಜಾತೇ ಹೈಂ." ಎರಡು ಗಂಟೆಯಿಂದ ಕುಳಿತಿದ್ದಾರೆ, ಗೇಟಿನಿಂದ ಯಾವ ಹುಡುಗಿ ಹೊರಬಂದರೂ ಎದ್ದು ನಿಲ್ಲುತ್ತಾರೆ!

"ಅವಗ ವೇಳ್ಯಾ ತಿಳಿಯಂಗಿಲ್ಲ," ಎಂದರು ಕಾಕಾ, ನನ್ನನ್ನು ನೋಡದೆ. ಆಮೇಲೆ ಮೆಲ್ಲಗೆ, "ಏನಾರೆ ಹೆಚ್ಚುಕಮ್ಮಿ ಆದ್ರ, ಒಬ್ಬಾಕಿನಽ ಅಳಕೋತ ಲೋಕಲ್‌ನ್ಯಾಗ ಬರಬಾರದಲ್ಲಾ," ಎಂದರು.

ಅವರ ಅಂಗಿಯ ಬೆನ್ನಿಗೆಲ್ಲ ಬಸ್ ಸ್ಟಾಪಿನ ಕಂಬದ ಸುಣ್ಣ ಹತ್ತಿತ್ತು. ಸೆರಗಿನಿಂದ ಝಾಡಿಸಿದೆ. "ಖಾಯಂ ಆತ್ರಿ ಕಾಕಾ," ಎಂದೆ.

ಅವರು ಮತ್ತೆ ಗೋಡೆಯ ಮೇಲೆ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತೆ. ಶೇಂಗಾದವನು ಎರಡು ಪುಡಿಕೆ ಕಟ್ಟಿಕೊಟ್ಟ. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ನಾವಿಬ್ಬರೂ ಏಳಲಿಲ್ಲ.