ತಿಂಗಳ ಮುಂಚಿನ ಚರಗ

ಮಾದನಹಿಪ್ಪರಗಾದ ಕಲ್ಲಿನಾಥ ಬೆಳಿಗ್ಗೆ ತೊಗರಿ ಗಿಡದ ಬುಡಕ್ಕೆ ಹಳೇ ಚಾದರ ಹಾಸಿ, ಗಿಡ ಹಿಡಿದು ಅಲ್ಲಾಡಿಸಿದ. ಹಸಿರು ಹುಳಗಳು ಅಕ್ಷತೆಯಂತೆ ಉದುರಿದವು. ಹೊತ್ತಲ್ಲದ ಹೊತ್ತಿನಲ್ಲಿ ಮಳೆ, ಚಳಿ ಬೀಳಬೇಕಾದ ದಿನಗಳಲ್ಲಿ ಸೆಕೆ, ವಾರದಿಂದ ಬಿಡದ ಮೋಡ. ಕಾಯಿಕೊರಕ ಈ ಸಲ ತಿಂಗಳು ಮೊದಲೇ ಬಂದು ಕೂತಿತ್ತು. ಹುಳಕ್ಕೆಂದು ಹೊಡೆದ ಎಣ್ಣೆಯನ್ನೆಲ್ಲ ಮಳೆ ತೊಳೆದಿತ್ತು. ಮನೆಮಂದಿಯ ವರ್ಷದ ಬೇಳೆ ಇದ್ದದ್ದು ಆ ನಾಲ್ಕೆಕರೆಯಲ್ಲೇ.

ಎಳ್ಳಮಾವಾಸ್ಯೆಗೆ ಹೊಲದ ತುಂಬ ಅನ್ನ, ರೊಟ್ಟಿ ಚೂರು ಎರಚಿ ಚರಗ ಚೆಲ್ಲುತ್ತಾರಷ್ಟೆ. ಅದಕ್ಕೆ ಬಂದ ಹಕ್ಕಿಗಳು ಹುಳವನ್ನೂ ಹೆಕ್ಕಿ ತಿಂದು ಹೋಗುತ್ತವೆ. ಆದರೆ ಅಮಾವಾಸ್ಯೆಗೆ ಇನ್ನೂ ತಿಂಗಳಿತ್ತು.

"ಹುಳ ಏನ್ ಪಂಚಾಂಗ ನೋಡಿ ಬಂದಾವೇನು? ಇವತ್ತೇ ಚರಗ ಚೆಲ್ಲೋಣು," ಎಂದ ಹೆಂಡತಿಗೆ.

ಕಸ್ತೂರಿಬಾಯಿ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಗೊಣಗುತ್ತಲೇ ಒಂದು ಬುಟ್ಟಿ ಅನ್ನ, ನಾಲ್ಕು ಸಜ್ಜೆರೊಟ್ಟಿ ಮಾಡಿದಳು. ಯಾರಿಗೂ ಹೇಳಬೇಡಿ, ಊರು ನಕ್ಕೀತು ಎಂದೂ ಎಚ್ಚರಿಸಿದಳು.

ಹೇಳುವ ಅಗತ್ಯವೇ ಬೀಳಲಿಲ್ಲ. ಪಕ್ಕದ ಹೊಲದ ದತ್ತಪ್ಪ ದಾರಿಯಲ್ಲೇ ಬುಟ್ಟಿಯ ಬಟ್ಟೆ ಸರಿಸಿ ನೋಡಿದ. ವಿಚಾರಿಸಿದ, ಭೇಷ್ ಎಂದ, ಫೋನ್ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ: ಇವತ್ತು ಕಲ್ಲಿನಾಥನ ಹೊಲದಾಗ ಚರಗ, ಎಲ್ಲಾರೂ ಬರ್ರಿ.

ಚರಗಕ್ಕೆ ಬಂದವರನ್ನು ಉಣಿಸದೆ ಕಳಿಸುವ ಪದ್ಧತಿ ಆ ಸೀಮೆಯಲ್ಲಿಲ್ಲ. ಹನ್ನೊಂದಕ್ಕೆ ಹತ್ತು ಜನ ಬಂದರು, ಹನ್ನೆರಡಕ್ಕೆ ನಲವತ್ತಾದರು. ಸೊಪ್ಪು-ಕಾಳಿನ ಭಜ್ಜಿ ಎಲ್ಲಿ ಎಂದು ಒಬ್ಬರು ಕೇಳಿದರೆ, ಶೇಂಗಾ ಹೋಳಿಗೆ ಇಲ್ಲದ್ದು ಎಂಥ ಚರಗ ಎಂದು ಇನ್ನೊಬ್ಬರು. ಕಸ್ತೂರಿಬಾಯಿ ಗಂಡನತ್ತ ಬೀರಿದ ನೋಟಕ್ಕೇ ಹುಳ ಸಾಯಬೇಕಿತ್ತು. ಕಲ್ಲಿನಾಥ ಮೂರು ಸಲ ಊರಿಗೆ ಬೈಕ್ ಓಡಿಸಿ ಹಿಟ್ಟು, ಬೆಲ್ಲ, ಸೊಪ್ಪು ತಂದ. ಬೇವಿನ ಮರದ ಕೆಳಗೆ ಒಲೆ ಹೂಡಿದರು. ದತ್ತಪ್ಪ ತನ್ನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಮೊದಲ ಪಂಕ್ತಿಯಲ್ಲೇ ಕೂತ.

ಎಲ್ಲರೂ ಉಂಡ ಮೇಲೆ ಕಲ್ಲಿನಾಥ ಚರಗ ಚೆಲ್ಲಿದ. ಸ್ವಲ್ಪ ಹೊತ್ತಿಗೆ ಬೆಳ್ಳಕ್ಕಿ, ಗೊರವಂಕ ಹಿಂಡುಹಿಂಡಾಗಿ ಬಂದವು. ಅವನಿಗೆ ಅಳುವಷ್ಟು ಸಂತೋಷವಾಯಿತು. ಆದರೆ ಕೆಳಗೆ ನಲವತ್ತು ಜನರ ಗದ್ದಲ, ಹುಡುಗರ ಓಟ, ಯಾರದೋ ಫೋನಿನ ಹಾಡು. ಸುಮ್ಮನಿರಿ ಎಂದು ಕೈಮುಗಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಕ್ಕಿಗಳು ಒಂದು ಸುತ್ತು ಹಾಕಿ, ನರಪಿಳ್ಳೆಯಿಲ್ಲದ ದತ್ತಪ್ಪನ ಹೊಲಕ್ಕಿಳಿದವು. ಸಂಜೆಯವರೆಗೂ ಮೇಲೇಳಲಿಲ್ಲ.

ಮಂದಿ ಹೋದ ಮೇಲೆ ದತ್ತಪ್ಪ ತನ್ನ ಗಿಡಗಳನ್ನು ಅಲ್ಲಾಡಿಸಿ ನೋಡಿ, ನಗುತ್ತ ಬದು ದಾಟಿ ಬಂದ.

"ನಿನ್ನ ಚರಗ ಭಾರೀ ಕೆಲ್ಸ ಮಾಡ್ತು ನೋಡು ತಮ್ಮಾ. ನನ್ನ ಹೊಲದಾಗ ಒಂದೂ ಹುಳ ಉಳ್ದಿಲ್ಲ."

ಕಲ್ಲಿನಾಥನಿಗೆ ಥಟ್ಟನೆ ದಾರಿ ಹೊಳೆಯಿತು. "ಹಂಗಾದ್ರ ನಾಳೆ ನೀವು ಚರಗ ಚೆಲ್ರಿ ಕಾಕಾ. ಊರ ಮಂದಿ ಎಲ್ಲಾ ನಿಮ್ಮ ಹೊಲದಾಗ ಕೂಡ್ತೇವಿ. ಹಕ್ಕಿ ನನ್ನ ಹೊಲಕ್ಕ ಬರ್ತಾವ."

ದತ್ತಪ್ಪ ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಹೋಳಿಗೆಯನ್ನು ಎತ್ತಿಕೊಂಡ.

"ಹುಳಾನೇ ಇಲ್ಲಲ್ಲೋ ತಮ್ಮಾ," ಎಂದ, "ನಾ ಯಾಕ ಚೆಲ್ಲಲಿ?"