ಬರ್ತೀನಿ ಅಂದ ಮೇಲಿನ ಅರ್ಧ ಗಂಟೆ

ಸ್ಟೂಲಿನ ಮೇಲೊಂದು ಹಳೆಯ ಪ್ರೆಶರ್ ಕುಕ್ಕರ್ ಇಟ್ಟು, ಅದಕ್ಕೆ ಸ್ಕೂಟರಿನ ಕನ್ನಡಿ ಬೆಸೆದು, ಮೇಲೆ ಕರ್ಚೀಫು ಹೊದಿಸಿ ತ್ರಯಂಬಕ ಮೇಷ್ಟ್ರು ಗಂಭೀರವಾಗಿ ನಿಂತಿದ್ದರು. ಉದ್ಘಾಟನೆಗೆ ಆಹ್ವಾನವಿದ್ದದ್ದು ಪಕ್ಕದ ಮನೆಯ ನನಗೊಬ್ಬನಿಗೇ. ಐಟಿಐನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಈ ಮಹಾನುಭಾವರ ಹಿಂದಿನ ಯಂತ್ರ, ಬಟ್ಟೆಯನ್ನು ತಾನೇ ಮಡಚುತ್ತೇನೆಂದು ಹೇಳಿ, ನನ್ನ ಎರಡು ಪಂಚೆ ನುಂಗಿತ್ತು. ಆದರೂ ಹೋದೆ. ಗರಜು ನನ್ನದಾಗಿತ್ತು.

ಹಾಸನದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಸಿಗುವ ಅರ್ಧ ಗಂಟೆಯಷ್ಟೇ ನನ್ನ ವಿಡಿಯೋ ಗೇಮಿನ ಪಾಲು. ಅದರಲ್ಲಿ ಹತ್ತು ನಿಮಿಷ ಗೇಮು ಅಪ್‌ಡೇಟ್ ಆಗುತ್ತದೆ. ನೆಗೆಯುವ ಗುಂಡಿ ಯಾವುದು, ಕತ್ತಿ ಬೀಸುವ ಗುಂಡಿ ಯಾವುದು ಎಂದು ನೆನಪಿಸಿಕೊಳ್ಳಲು ಇನ್ನೈದು ನಿಮಿಷ. ಮಿಕ್ಕ ಹೊತ್ತಿನಲ್ಲಿ ಸಾಯುತ್ತೇನೆ.

ಹೀಗೆ ಮೂರು ವರ್ಷ ದಿನಾ ಸತ್ತು ಕೊನೆಯ ಕೋಟೆಗೆ ಬಂದು ಮುಟ್ಟಿದ್ದೆ. ಒಳಗೊಬ್ಬ ಕೆಂಪು ಕಣ್ಣಿನ ರಾಕ್ಷಸ. ಅವನ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ನಾನೇ ಕೆಂಗಣ್ಣಪ್ಪ ಎಂದು ಕರೆದಿದ್ದೆ. ಅವನನ್ನು ಕೊಲ್ಲಲು ಒಂದೇ ಸಮನೆ ಮೂರು ಗಂಟೆ ಬೇಕು, ನಡುವೆ ಎದ್ದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಕಂಪನಿಯವರು, ಭಾನುವಾರ ಮಧ್ಯಾಹ್ನ ಮೂರಕ್ಕೆ ಈ ಗೇಮನ್ನೇ ಶಾಶ್ವತವಾಗಿ ಮುಚ್ಚುತ್ತೇವೆ ಎಂದು ನೋಟಿಸು ಹಾಕಿದರು. ಭಾನುವಾರ ಅಂಗಡಿಗೆ ರಜೆಯಲ್ಲವೇ ಎನ್ನಬೇಡಿ. ಜನಕ್ಕೆ ಕಣ್ಣು ಮಂಜಾಗುವುದೇ ಭಾನುವಾರ.

ಮೇಷ್ಟ್ರು ಕರ್ಚೀಫು ತೆಗೆದರು. "ನೋಡು ಕೇಶವ, ನಮ್ಮ ಬೀದೀಲಿ ಜನ 'ಬರ್ತೀನಿ' ಅಂತಾರೆ. ಅಂದ್ಮೇಲೆ ಗೇಟು ಹಿಡ್ಕೊಂಡು ಅರ್ಧ ಗಂಟೆ ನಿಂತಿರ್ತಾರೆ. ಆ ಹೊತ್ತು ಯಾರಿಗೂ ಬೇಕಾಗಿಲ್ಲ. ಅದನ್ನ ಈ ಕುಕ್ಕರ್ ಎಳ್ಕೊಳ್ಳುತ್ತೆ. ತಲೆಗೆ ಪಟ್ಟಿ ಕಟ್ಕೊಂಡ್ರೆ ನಿನಗೆ ಕೊಡುತ್ತೆ."

ಆಗ ಸರಿಯಾಗಿ ನಮ್ಮ ಗೇಟಿನಲ್ಲಿ ಎದುರುಮನೆ ಪುಟ್ಟತಾಯಮ್ಮ ನನ್ನ ಹೆಂಡತಿ ಪಾರಿಜಾತಳಿಗೆ ಬರ್ತೀನಿ ಎಂದರು. ಕುಕ್ಕರ್ ಬುಸ್ಸೆಂದಿತು. ಮರುಕ್ಷಣ ಪುಟ್ಟತಾಯಮ್ಮ ತಮ್ಮ ಜಗಲಿಯ ಮೇಲೆ, ತೆರೆದ ಬಾಯಿ ತೆರೆದಂತೆಯೇ ನಿಂತಿದ್ದರು. ಕನ್ನಡಿಯಲ್ಲಿ ನಲವತ್ತು ನಿಮಿಷ ಎಂದು ಮೂಡಿತು. ನಾನು ಕುಕ್ಕರನ್ನು ಮನೆಗೆ ಒಯ್ದು, ಪಟ್ಟಿ ಕಟ್ಟಿಕೊಂಡು ನಲವತ್ತು ನಿಮಿಷ ಆಡಿ ಎದ್ದರೆ ಗಡಿಯಾರದ ಮುಳ್ಳು ಕದಲಿರಲಿಲ್ಲ. ಮೇಷ್ಟ್ರ ಕಾಲಿಗೆ ಬೀಳೋಣ ಅನ್ನಿಸಿತು. ಒಂದೇ ವಿಚಿತ್ರವೆಂದರೆ, ಗೇಮಿನಲ್ಲಿ ಮೂರು ವರ್ಷ ಇಂಗ್ಲಿಷ್ ಬಿಟ್ಟು ಬೇರೆ ಆಡದ ಕತ್ತಿ ಮಾರುವವನು, ಈ ಸಲದ ಅವರೆಕಾಯಿಗೆ ಸೊಗಡೇ ಇಲ್ಲ ಎಂದು ಅಚ್ಚಕನ್ನಡದಲ್ಲಿ ಬೇಸರಪಟ್ಟ. ಹೊಸ ಅಪ್‌ಡೇಟ್ ಇರಬೇಕು ಎಂದುಕೊಂಡೆ.

ಮೂರೇ ದಿನಕ್ಕೆ ಬೀದಿ ಕೆಟ್ಟಿತು. ಬಂದ ವಿಷಯವನ್ನು ಒಳಗೆ ಕೂತು ಕಾಫಿ ಕುಡಿಯುವಾಗ ಹೇಳುವ ವಾಡಿಕೆ ನಮ್ಮಲ್ಲಿಲ್ಲ, ಅದು ಬಾಯಿಗೆ ಬರುವುದು ಚಪ್ಪಲಿ ಮೆಟ್ಟಿದ ಮೇಲೆ. ಹಾಗಾಗಿ ಯಾರೂ ಯಾರಿಗೂ ಏನೂ ಹೇಳಲಾಗಲಿಲ್ಲ. ಮಗಳ ಮದುವೆಗೆ ಕರೆಯಲು ಹೋದವರು ಲಗ್ನಪತ್ರಿಕೆ ಕಂಕುಳಲ್ಲೇ ಇಟ್ಟುಕೊಂಡು ವಾಪಸಾದರು. ಪಾರಿಜಾತ ಮುಖದ ಮೇಲೆ ಬಾಗಿಲು ಹಾಕಿದಳೆಂದು ಪುಟ್ಟತಾಯಮ್ಮ ಮಾತು ಬಿಟ್ಟರು. ಎಲ್ಲರಿಗೂ ಏನಾಗಿದೆ ಅಂತ ಪಾರಿಜಾತ ನನ್ನನ್ನು ಕೇಳಿದಳು. ಬಿಸಿಲು ಜಾಸ್ತಿ ಅಂದೆ.

ಎಳೆದ ಹೊತ್ತು ರಾತ್ರಿ ಕಳೆದರೆ ಹಳಸುತ್ತಿತ್ತು, ಹಾಗಾಗಿ ಮೂರು ಗಂಟೆ ಒಂದೇ ದಿನ ಕೂಡಬೇಕಿತ್ತು. ಭಾನುವಾರ ಮೂಲೆಮನೆಯಲ್ಲಿ ನಾಮಕರಣ. ಮೇಷ್ಟ್ರು ಕುಕ್ಕರಿಗೆ ಬಣ್ಣದ ಕಾಗದ ಸುತ್ತಿ, ಉಡುಗೊರೆಯೆಂಬಂತೆ ತೊಡೆಯ ಮೇಲಿಟ್ಟುಕೊಂಡು ಚಪ್ಪರದ ಬಾಗಿಲಲ್ಲೇ ಕೂತರು. ಉಂಡವರು ಒಬ್ಬೊಬ್ಬರಾಗಿ ಬರ್ತೀವಿ ಅನ್ನುವುದು, ತಾಂಬೂಲಕ್ಕೆ ಚಾಚಿದ ಕೈ ಸಮೇತ ಮಾಯವಾಗುವುದು. ಆ ಮನೆಯವರು ತೆಂಗಿನಕಾಯಿ ಹಿಡಿದು ಅಳುವುದೊಂದು ಬಾಕಿ. ಎರಡೂವರೆಗೆ ಮೇಷ್ಟ್ರು ಮೂರು ಗಂಟೆ ಹತ್ತು ನಿಮಿಷ ತುಂಬಿಕೊಂಡು ಬಂದರು. ಇಬ್ಬರೂ ಒಂದೊಂದು ಪಟ್ಟಿ ಕಟ್ಟಿಕೊಂಡೆವು. ಅವರು ಸಾಕ್ಷಿ.

ಅಂಥ ಯುದ್ಧ ನಾನು ಮತ್ತೆ ಮಾಡಲಾರೆ. ಎರಡೂಮುಕ್ಕಾಲು ಗಂಟೆ ಹೊಡೆದಾಡಿ ಕೆಂಗಣ್ಣಪ್ಪನ ಪ್ರಾಣದ ಗೆರೆಯನ್ನು ಕೂದಲೆಳೆಗೆ ಇಳಿಸಿದೆ. ಇನ್ನೊಂದೇ ಏಟು. ಕತ್ತಿ ಎತ್ತಿದೆ. ಅವನು ಗದೆ ಕೆಳಗಿಟ್ಟ.

"ಸರಿ ಹಾಗಾದ್ರೆ, ನಾನಿನ್ನು ಬರ್ತೀನಿ," ಎಂದು ಎದ್ದು ಹೋಗಿ ಕೋಟೆಯ ಬಾಗಿಲು ಹಿಡಿದು ನಿಂತ. "ಅಂದಹಾಗೆ, ನಿಮ್ಮತ್ತೆಯೋರ ಮಂಡಿನೋವು ಹೇಗಿದೆ?"

ನನ್ನ ಕೈ ಅಲ್ಲೇ ನಿಂತಿತು.

"ಹೊಡಿಯಯ್ಯ!" ಅಂದರು ಮೇಷ್ಟ್ರು.

"ಮಾತಾಡ್ತಾ ಇದಾರೆ ಮೇಷ್ಟ್ರೇ. ನಡುವೆ ಹೇಗೆ ಹೊಡೆಯೋದು?"

"ರಾಕ್ಷಸ ಕಣೋ ಅವನು."

"ಇರ್ಬಹುದು. ಅತ್ತೆ ಮಂಡಿನೋವು ಕೇಳಿದಾರೆ."

ಪರವಾಗಿಲ್ಲ, ಎಣ್ಣೆ ಹಚ್ಚುತ್ತಿದ್ದಾರೆ ಎಂದು ಉತ್ತರಿಸಿದೆ. ಅವನು ಅರಸೀಕೆರೆಯ ಒಬ್ಬ ಪಂಡಿತರ ವಿಳಾಸ ಹೇಳಿದ. ತನ್ನ ತಂಗಿಯ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದ್ದು ಹೇಳಿದ. ಹೊಡಿ ಹೊಡಿ ಅನ್ನುತ್ತಿದ್ದ ಮೇಷ್ಟ್ರು, ಹೌದೇ, ಯಾವ ಕಾಲೇಜು ಎಂದು ಕೇಳಿಬಿಟ್ಟರು. ಅಲ್ಲಿಗೆ ಮುಗಿಯಿತು. ಕೆಂಗಣ್ಣಪ್ಪ ಹೊರಟೆ ಹೊರಟೆ ಅನ್ನುತ್ತ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟುಕೊಂಡು ಮಾವಿನಕಾಯಿ ಉಪ್ಪಿನಕಾಯಿಯ ವಿಷಯಕ್ಕೆ ಬಂದ. ಮಾತಿನ ನಡುವೆ ಕುಕ್ಕರ್ ಬರಿದಾಯಿತು, ಮೂರಕ್ಕೆ ಉಳಿದಿದ್ದ ಅಸಲಿ ಅರ್ಧ ಗಂಟೆಯೂ ಹೋಯಿತು, ಗೋಡೆಯ ಗಡಿಯಾರ ಮೂರು ಹೊಡೆಯಿತು. ಪರದೆ ಕಪ್ಪಾಯಿತು.

ಸುಳ್ಳೇಕೆ ಹೇಳಲಿ, ಅಳು ಬಂತು. ಮೂರು ವರ್ಷ, ದಿನಾ ಅರ್ಧ ಗಂಟೆ, ಒಂದು ಏಟು ಬಾಕಿ. ಹೊತ್ತನ್ನೇನೋ ಎಳೆದೆ, ಅದರೊಳಗಿದ್ದ ಮಾತನ್ನು ಸೋಸಲಿಲ್ಲ ಎಂದು ಮೇಷ್ಟ್ರು ನಿಧಾನವಾಗಿ ಸಂಶೋಧನೆ ಮಂಡಿಸಿದರು. ನಾನು ಅವರ ಜೊತೆ ಒಂದು ವಾರ ಮಾತಾಡಲಿಲ್ಲ.

ಉಪ್ಪಿನಕಾಯಿಗೆ ಉಪ್ಪನ್ನು ಹುರಿದು ಆರಿಸಿ ಹಾಕಬೇಕು ಎಂದಿದ್ದ ಕೆಂಗಣ್ಣಪ್ಪ. ಪಾರಿಜಾತಳಿಗೆ ಹೇಳಿ ಹಾಗೇ ಮಾಡಿಸಿದೆ. ಈ ವರ್ಷ ಬೂಸ್ಟು ಹಿಡಿದಿಲ್ಲ.